ಗಜೇಂದ್ರಗಡದ ಗಾಳಿ, ನೀಮಾಳ ಚೆಂಡು

ಹೊಸದಾಗಿ ನೌಕರಿಗೆ ಸೇರಿದ ದೈಹಿಕ ಶಿಕ್ಷಕರು ಯಾರಾದರೂ ಮನೆಗೆ ಬಂದರೆ ನಾನು ಮೊದಲು ಚಹಾ ಕೊಡುತ್ತೇನೆ, ಆಮೇಲೆ ಹೆದರಿಸುತ್ತೇನೆ. ಆಟ ಕಲಿಸುವುದಕ್ಕೆ ನಿಮಗೆ ನೌಕರಿ ಕೊಟ್ಟಿದ್ದಾರೆ ಅಂದುಕೊಂಡಿದ್ದರೆ ಆ ಭ್ರಮೆಯನ್ನು ಇಲ್ಲೇ ಬಿಟ್ಟು ಹೋಗಿ ಎನ್ನುತ್ತೇನೆ. ಪ್ರಾರ್ಥನೆಗೆ ಸಾಲು ನಿಲ್ಲಿಸಬೇಕು. ಗಣಿತದ ಮಾಸ್ತರರು ರಜೆ ಹಾಕಿದರೆ ಆ ವರ್ಗ ಕಾಯಬೇಕು. ಬಿಸಿಯೂಟದ ಅಕ್ಕಿ ಚೀಲ ಇಳಿಸಿಕೊಳ್ಳಬೇಕು. ಗಣತಿ ಬಂದರೆ ಗಣತಿ, ಚುನಾವಣೆ ಬಂದರೆ ಚುನಾವಣೆ. ಇದೆಲ್ಲ ಮುಗಿದ ಮೇಲೆ ಸಂಜೆ ಉಳಿದಷ್ಟು ಬೆಳಕಿನಲ್ಲಿ ಆಟ. ಆ ಉಳಿದ ಬೆಳಕನ್ನು ನಂಬಿಕೊಂಡೇ ನಾನು ನಿವೃತ್ತಿಯ ತನಕ ದುಡಿದೆ. ಸುಳ್ಳು ಯಾಕೆ ಹೇಳಲಿ, ಸುಖವಾಗಿಯೇ ದುಡಿದೆ.

ನನ್ನ ಮೊದಲ ಊರು ಯಾವಗಲ್. ಎರೆಹೊಲದ ಊರು. ಬೇಸಿಗೆಯಲ್ಲಿ ನೆಲ ಬಿರಿದು ಬಾಯಿ ತೆರೆಯುತ್ತದೆ, ಮಳೆ ಬಿದ್ದರೆ ಚಪ್ಪಲಿಗೆ ಹತ್ತಿದ ಮಣ್ಣು ಚಪ್ಪಲಿಗಿಂತ ಭಾರ. ಧಾರವಾಡದ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿ ಬಂದಿದ್ದ ನಾನು ಅಲ್ಲಿ ಮೊದಲ ದಿನ ಚೆಂಡು ನೆಲಕ್ಕೆ ಹೊಡೆದೆ. ಅದು ಮೇಲೇಳಲೇ ಇಲ್ಲ, ಉಂಡು ಮಲಗಿದವರ ಹಾಗೆ ಅಲ್ಲೇ ಬಿದ್ದುಕೊಂಡಿತು. ಎರೆಮಣ್ಣಿನ ಮೇಲೆ ಗರಸು ಎಂಬ ಕೆಂಪು ಕಲ್ಲುಮಣ್ಣು ಹಾಕಿ ನೀರು ಹೊಡೆದು ಉರುಳುಗಲ್ಲು ಎಳೆಯಬೇಕೆಂದು ಊರ ಹಿರಿಯರೇ ಹೇಳಿಕೊಟ್ಟರು. ರೈತರೊಬ್ಬರು ತಮ್ಮ ಟ್ರ್ಯಾಕ್ಟರಿನಲ್ಲಿ ಗರಸು ತಂದು ಸುರಿದರು. ಕಂಬಕ್ಕೆ ರಿಂಗು ಕಟ್ಟುವುದನ್ನು ಸಂಜೆಯವರೆಗೆ ನೋಡುತ್ತ ನಿಂತಿದ್ದವರು ಕೊನೆಗೆ, ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವ ಹಾಗೆ ಅಕ್ಕೋರ ಎಂದು ಕರೆದು ಕೇಳಿದರು.

“ಅಕ್ಕೋರ, ಪುಟ್ಟಿ ಕಟ್ಟಿರಿ, ಚಲೋ ಆತು. ಅದಕ್ಕ ತಳಾನ ಇಲ್ಲಲ್ರಿ?”

“ತಳ ಇದ್ದರ ಒಮ್ಮೆ ಒಗದು ಸುಮ್ಮನ ಕುಂದರತಾರ್ರಿ. ಮತ್ತ ಮತ್ತ ಒಗೀಲಿ ಅಂತ ಹಂಗ ಮಾಡ್ಯಾರ,” ಎಂದೆ.

ಅವರಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ ಮುಂದಿನ ವಾರ ಇನ್ನೊಂದು ಟ್ರ್ಯಾಕ್ಟರ್ ಗರಸು ತಾವಾಗಿಯೇ ತಂದು ಹಾಕಿದರು.

ಮೇಲಧಿಕಾರಿಗಳಲ್ಲಿ ಮರೆಯಲಾಗದವರು ಅಸೂಟಿಯಲ್ಲಿ ಸಿಕ್ಕ ಹೆಡ್ಮಾಸ್ತರರು. ಒಳ್ಳೆಯ ಮನುಷ್ಯ, ಆದರೆ ಶಾಲೆಗೆ ಬಂದ ಹೊಸ ಚೆಂಡನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಬಿಟ್ಟರು. ಕೇಳಿದರೆ, “ಆಡಿದ್ರ ಸವೀತೈತ್ರಿ,” ಎಂದರು. ಆಯುಧ ಪೂಜೆಯ ದಿನ ಅದನ್ನು ಹೊರಗೆ ತೆಗೆದು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಒಳಗೆ. ನಾನು ಜಗಳವಾಡಲಿಲ್ಲ. ಮರುವರ್ಷ ಪೂಜೆ ಮುಗಿಯುವ ಹೊತ್ತಿಗೆ ಹುಡುಗಿಯರನ್ನೆಲ್ಲ ಆಟದ ಬಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, “ಸರ್, ಪೂಜಾ ಆದ ಆಯುಧ ಒಂದಾಟ ಚಲಾಯಿಸಬೇಕಂತ ಶಾಸ್ತ್ರ ಐತಿ,” ಎಂದೆ. ಅಂಥ ಶಾಸ್ತ್ರ ಎಲ್ಲಿಯೂ ಇಲ್ಲ. ಅವರು ನಕ್ಕು ಕೀಲಿ ನನ್ನ ಕೈಗೇ ಕೊಟ್ಟರು. ಅಧಿಕಾರಿಯನ್ನು ಗೆಲ್ಲುವುದಕ್ಕಿಂತ ನಗಿಸುವುದು ಸುಲಭ, ಹೊಸಬರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗ ನೀಮಾಳ ಮಾತಿಗೆ ಬರುತ್ತೇನೆ. ಇದನ್ನು ಹೇಳಬೇಕೆಂದೇ ಇಷ್ಟು ಪೀಠಿಕೆ ಹಾಕಿದೆ.

ನೌಕರಿಯ ಕೊನೆಯ ವರ್ಷಗಳೆಲ್ಲ ನನ್ನವು ಗಜೇಂದ್ರಗಡದಲ್ಲಿ ಕಳೆದವು. ಅಲ್ಲಿ ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ನಾನು ತರಬೇತಿ ಕೊಡುತ್ತಿದ್ದೆ. ಕ್ಲಬ್ಬಿನ ಅಧ್ಯಕ್ಷರು ಮಕ್ತುಮ್‌ಸಾಬರು, ಅರಳೆ ವ್ಯಾಪಾರಿ. ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ. ಮಗಳು ಆಡುತ್ತಿದ್ದಳೆಂದು ನೋಡಲು ಬಂದರು. ಮಗಳು ಮದುವೆಯಾಗಿ ಹೋದಳು, ಅಪ್ಪ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಹುಡುಗಿಯರಿಗೆ ಬೂಟು, ಬಟ್ಟೆ, ಬಸ್ಸಿನ ಖರ್ಚು ಎಲ್ಲ ಅವರದೇ. ಅವರ ಮಾತು ಕ್ಲಬ್ಬಿನಲ್ಲಿ ಕೊನೆಯ ಮಾತು.

ಸುತ್ತಲಿನ ಊರುಗಳ ಬಯಲು ಮೈದಾನದಲ್ಲಿ ನಮ್ಮ ಹುಡುಗಿಯರನ್ನು ಹಿಡಿಯುವವರಿರಲಿಲ್ಲ. ಆದರೆ ವರ್ಷಕ್ಕೊಮ್ಮೆ ಧಾರವಾಡದಲ್ಲಿ ದೊಡ್ಡ ಪಂದ್ಯಾವಳಿ ಆಗುತ್ತಿತ್ತು, ಮಾಡಿನ ಕೆಳಗೆ, ಕಟ್ಟಿಗೆಯ ನೆಲದ ಮೇಲೆ. ಅಲ್ಲಿ ಹೋದರೆ ಮೊದಲ ಪಂದ್ಯದಲ್ಲೇ ಗಂಟುಮೂಟೆ. ಪ್ರತಿ ವರ್ಷ ಒಂದೊಂದು ಕಾರಣ ಹುಡುಕುತ್ತಿದ್ದೆವು. ನೆಲ ಜಾರುತ್ತದೆ. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಮಧ್ಯಾಹ್ನ ರೊಟ್ಟಿ ಹೆಚ್ಚಾಯಿತು. ಒಂದು ವರ್ಷ ಮಕ್ತುಮ್‌ಸಾಬರು ದೃಷ್ಟಿಯಾಗಿದೆ ಎಂದು ಟೆಂಪೋದ ಗಾಲಿಗೆ ಲಿಂಬೆಹಣ್ಣು ಇಡಿಸಿದರು. ಲಿಂಬೆಹಣ್ಣು ಒಡೆಯಿತು, ನಾವು ಸೋತೆವು.

ಆ ಪಂದ್ಯಾವಳಿಯಲ್ಲಿ ಒಂದು ತಂಡಕ್ಕೆ ಒಬ್ಬ ಹೊರಗಿನ ಆಟಗಾರ್ತಿಯನ್ನು ಸೇರಿಸಿಕೊಳ್ಳಲು ಅವಕಾಶವಿತ್ತು. ಹುಬ್ಬಳ್ಳಿಯ ಎತ್ತರದ ಹುಡುಗಿಯೊಬ್ಬಳ ಹೆಸರು ಕಳಿಸುವುದೆಂದು ಹೆಚ್ಚುಕಡಿಮೆ ಮಾತಾಗಿತ್ತು. ಅಷ್ಟರಲ್ಲಿ ನನ್ನ ಮೊಣಕಾಲು ಹಿಡಿದುಕೊಂಡಿತು.

ಗದಗಿನ ಒಂದು ದವಾಖಾನೆಗೆ ಹೋದೆ. ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳು ಬಂದು ಮೊಣಕಾಲು ಒತ್ತಿ ನೋಡಿದಳು. ಆಫ್ರಿಕಾದ ಟಾಂಜಾನಿಯಾ ದೇಶದವಳು, ಹೆಸರು ನೀಮಾ. ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಅವಳು ಕನ್ನಡ ಕಲಿತದ್ದು ರೋಗಿಗಳಿಂದ, ಹೀಗಾಗಿ ಅವಳ ಕನ್ನಡವೆಲ್ಲ ದವಾಖಾನೆಯ ಕನ್ನಡ.

“ಎಷ್ಟ ದಿನದಿಂದ ನೋಯ್ತೈತ್ರಿ?” ಎಂದಳು.

“ಇಪ್ಪತ್ತು ವರ್ಷದಿಂದ,” ಎಂದೆ.

ಚಿಪ್ಪಿನ ಕೆಳಗೆ ಬೆರಳಿಟ್ಟವಳು, “ಬಾಸ್ಕೆಟ್‌ಬಾಲ್ ಏನ್ರಿ?” ಎಂದಳು. ನಾನು ಎದ್ದು ಕುಳಿತೆ. ಅವಳು ತನ್ನ ಮೊಣಕಾಲನ್ನೂ ಮುಟ್ಟಿ ತೋರಿಸಿದಳು, ಅದೇ ಜಾಗ. ತನ್ನ ದೇಶದಲ್ಲಿ ಹುಡುಗಿಯರ ಕಿರಿಯ ತಂಡದಲ್ಲಿ ಆಡಿದ್ದಳಂತೆ. ಮನೆಗೆ ಗಳಿಸುವ ಕೈ ಬೇಕೆಂದು ನರ್ಸಿಂಗ್ ಓದಲು ಇಷ್ಟು ದೂರ ಬಂದಿದ್ದಳು. ಬಂದಾಗಿನಿಂದ ಚೆಂಡು ಮುಟ್ಟಿರಲಿಲ್ಲ. ಮುಂದಿನ ವರ್ಷ ದವಾಖಾನೆಯ ಡ್ಯೂಟಿ ಹೆಚ್ಚು. ಈ ವರ್ಷ ಒಂದು ತಂಡ ಸಿಗದಿದ್ದರೆ ಆಟ ಮುಗಿದ ಹಾಗೆ ಎಂದು, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ, ನನ್ನ ಕಾಲಿಗೆ ಪಟ್ಟಿ ಸುತ್ತುತ್ತಲೇ ಹೇಳಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಆ ವಯಸ್ಸಿನಲ್ಲಿ ನಾವು ಎರಡು ವರ್ಷ ಆಟ ಬಿಟ್ಟರೆ ಆಮೇಲೆ ಆಟವೇ ನಮ್ಮನ್ನು ಬಿಡುತ್ತದೆ.

“ಭಾನುವಾರ ಗಜೇಂದ್ರಗಡಕ್ಕ ಬಾರವ್ವಾ,” ಎಂದೆ. ಆಟಗಾರರನ್ನು ಆರಿಸಲು ಈಗಿನವರು ಮೊಬೈಲಿನಲ್ಲಿ ವಿಡಿಯೋ ತರಿಸಿಕೊಂಡು ನೂರು ಸಲ ನೋಡುತ್ತಾರೆ. ನಾನು ಮೊಣಕಾಲು ನೋಡಿ ಆರಿಸಿದೆ.

ಆಷಾಢದ ಭಾನುವಾರ ಅದು. ಗಜೇಂದ್ರಗಡ ಕಂಡವರಿಗೆ ಹೇಳಬೇಕಾಗಿಲ್ಲ, ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಲ್ಲಿಸಿದವಲ್ಲ. ಕ್ಲಬ್ಬಿನ ಕಮಿಟಿಯವರೆಲ್ಲ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮಕ್ತುಮ್‌ಸಾಬರು ಒಂದು ಕೈಯಿಂದ ಟೋಪಿ ಹಿಡಿದುಕೊಂಡಿದ್ದರು. ಆಷಾಢದಲ್ಲಿ ನಮ್ಮೂರಿನ ಅರ್ಧ ಗಂಡಸರು ಹಾಗೇ ಕೂರುತ್ತಾರೆ, ಯಾರೂ ಅದನ್ನು ಗಮನಿಸುವುದಿಲ್ಲ.

ನೀಮಾ ಚೆಂಡು ಕೈಗೆ ತೆಗೆದುಕೊಂಡಳು. ಆ ನಿಲುವು, ಆ ಮಣಿಕಟ್ಟು ನೋಡಿ ನನಗೆ ಮೈ ಜುಮ್ಮೆಂದಿತು. ಚೆಂಡು ಎತ್ತರಕ್ಕೆ ಏರಿ ಬಿಲ್ಲಿನ ಹಾಗೆ ಬಾಗಿ ಇಳಿಯಿತು. ಇಳಿದದ್ದು ಮಾತ್ರ ರಿಂಗಿನಿಂದ ಮಾರು ದೂರ. ಇನ್ನೊಂದು ಹೊಡೆದಳು, ಅದೂ ಹಾಗೇ. ಮತ್ತೊಂದು ಗೆರೆ ದಾಟಿ ಹೋಗಿ ಮುಳ್ಳಿನ ಬೇಲಿಗೆ ಬಿತ್ತು. ಆಮೇಲೆ ನಮ್ಮ ನಾಯಕಿ ಪವಿತ್ರಾ ಬಂದಳು. ಕೆಳಮಟ್ಟದಲ್ಲಿ, ಬಿರುಸಾಗಿ, ಹಲಗೆಗೆ ಬಡಿದು ಒಳಗೆ. ಒಂದಾದ ಮೇಲೆ ಒಂದು.

“ಅಕ್ಕೋರ, ಎತ್ತರ ಐತಿ ಖರೇ,” ಎಂದರು ಮಕ್ತುಮ್‌ಸಾಬರು. “ಆದ್ರ ಪುಟ್ಟಿ ಎಲ್ಲೋ ಐತಿ, ಚೆಂಡು ಎಲ್ಲೋ ಹೊಂಟೈತಿ.”

ನೀಮಾ ಹಣೆಯ ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದಳು. ರೋಗಿಯನ್ನು ಕೇಳುವ ಅದೇ ಕಾಳಜಿಯಿಂದ, “ಅಕ್ಕೋರ, ಈ ಗಾಳಿ ಎಷ್ಟ ದಿನದಿಂದ ಐತ್ರಿ?” ಎಂದಳು.

“ಯಾವ ಗಾಳಿ?” ಎಂದಳು ಪವಿತ್ರಾ.

ಹುಡುಗಿಯರೆಲ್ಲ ನಕ್ಕರು. ಪವಿತ್ರಾ ಚೇಷ್ಟೆಗೆ ಹೇಳಿದ್ದಲ್ಲ, ನಿಜವಾಗಿಯೂ ಅವಳಿಗೆ ತಿಳಿದಿರಲಿಲ್ಲ. ನಮ್ಮಲ್ಲಿ ಗಾಳಿ ನಿಂತ ದಿನ ಜನ ಹೊರಗೆ ಬಂದು ಯಾಕೆ ನಿಂತಿತೆಂದು ಮಾತಾಡುತ್ತಾರೆ, ಬೀಸುವುದಕ್ಕೆ ಯಾರೂ ಮಾತಾಡುವುದಿಲ್ಲ. ನಮ್ಮ ಮಕ್ಕಳು ಚಿಕ್ಕಂದಿನಿಂದ ಅದರಲ್ಲೇ ಆಡಿದವರು. ಪಡುವಣ ಗಾಳಿ ಚೆಂಡನ್ನು ಎಷ್ಟು ತಳ್ಳುತ್ತದೋ ಅಷ್ಟು ಅವರ ಕೈ ತಾನಾಗಿ ಪಕ್ಕಕ್ಕೆ ಗುರಿ ಹಿಡಿಯುತ್ತಿತ್ತು.

ಗಾಳಿಯ ಮಾತು ನಾನು ಮಕ್ತುಮ್‌ಸಾಬರ ಮುಂದೆ ಇಟ್ಟೆ. ಅವರು ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು.

“ಗಾಳಿ ನಮ್ಮ ಹುಡುಗ್ಯಾರಿಗೂ ಐತಲ್ರಿ. ಒಂದ ತಿಂಗಳು ಕಲೀಲಿ. ಇವರಂಗ ಹೊಡ್ಯಾಕ ಬಂತಂದ್ರ ಹೆಸರು ಕಳಸೂಣು. ಇಲ್ಲಂದ್ರ ಹುಬ್ಬಳ್ಳಿ ಹುಡುಗಿ ಐತಿ.”

ನ್ಯಾಯವಾಗಿಯೇ ಕೇಳಿಸಿತು. ನೀಮಾ ಪ್ರತಿ ಭಾನುವಾರ ಗದಗಿನಿಂದ ಮೊದಲ ಬಸ್ಸಿಗೆ ಬರತೊಡಗಿದಳು. ಮಕ್ತುಮ್‌ಸಾಬರ ಹೆಂಡತಿ ರಾಬಿಯಾಬಿ ಅವಳಿಗೆಂದು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿ ಕಳಿಸುತ್ತಿದ್ದರು. ಹುಡುಗಿಯರು ಓಡಿ ಏದುಸಿರು ಬಿಟ್ಟರೆ ನೀಮಾ, “ಜೋರಾಗಿ ಉಸಿರು ತಗೋರಿ, ಬಿಡ್ರಿ,” ಎನ್ನುತ್ತಿದ್ದಳು. ಹುಡುಗಿಯರಿಗೆ ಅದೇ ಆಟದ ಕೂಗಾಯಿತು. ಹೀಗೆ ಎಲ್ಲವೂ ಚೆನ್ನಾಗಿತ್ತು, ಅವಳ ಕೈ ಒಂದನ್ನು ಬಿಟ್ಟು.

ಅವಳು ಕಷ್ಟಪಟ್ಟು ನಮ್ಮ ಹೊಡೆತ ಕಲಿಯುತ್ತಿದ್ದಳು. ಕೆಳಗೆ, ಬಿರುಸಾಗಿ, ಪಕ್ಕಕ್ಕೆ. ಹತ್ತರಲ್ಲಿ ಮೂರು ನಾಲ್ಕು ಬೀಳತೊಡಗಿದವು. ಕಮಿಟಿಯವರು ತಲೆದೂಗಿದರು. ನನಗೆ ಮಾತ್ರ ನೋಡಲಾಗುತ್ತಿರಲಿಲ್ಲ. ಆ ಬಿಲ್ಲಿನಂಥ ಬಾಗು ವಾರದಿಂದ ವಾರಕ್ಕೆ ಚಪ್ಪಟೆಯಾಗುತ್ತಿತ್ತು. ಹೀಗೆ ಕಲಿತರೆ ಕ್ಲಬ್ಬಿಗೆ ಸೇರುತ್ತಾಳೆ, ಆದರೆ ಯಾವುದಕ್ಕಾಗಿ ಅವಳನ್ನು ಕರೆದೆನೋ ಅದೇ ಹೋಗುತ್ತದೆ. ಕಲಿಯದಿದ್ದರೆ ತಂಡವೇ ಇಲ್ಲ. ಮೂರನೆಯ ಭಾನುವಾರ ಅವಳು ಚೆಂಡು ಕೆಳಗಿಟ್ಟು, “ಅಕ್ಕೋರ, ಕೈ ನನ್ನ ಮಾತು ಕೇಳವಲ್ದ್ರಿ,” ಎಂದಳು. ಸಾಕು ಎನಿಸಿತು ನನಗೆ. ಬೇರೆಯವರ ಕೈ ಕೆಡಿಸುವ ತರಬೇತಿ ನನಗೆ ಬೇಡವಾಗಿತ್ತು.

ನೇರ ಮಕ್ತುಮ್‌ಸಾಬರ ಮನೆಗೆ ಹೋದೆ. ನರಗುಂದದಲ್ಲಿ ಅವರದೊಂದು ಅರಳೆಯ ಗೋದಾಮಿತ್ತು. ಹತ್ತಿ ಬರಲು ಇನ್ನೂ ತಿಂಗಳುಗಳಿದ್ದುದರಿಂದ ಅದು ಖಾಲಿ ಬಿದ್ದಿತ್ತು, ಮಾಡು ಬಾಸ್ಕೆಟ್‌ಬಾಲಿಗೆ ಸಾಲುವಷ್ಟು ಎತ್ತರ.

“ಸಾಹೇಬ್ರ, ಧಾರವಾಡದ ಆಟ ಮಾಡಿನ ಕೆಳಗ. ಆಕಿನ್ನ ಮಾಡಿನ ಕೆಳಗ ಒಮ್ಮೆ ನೋಡ್ರಿ. ಆಮ್ಯಾಲೆ ನೀವು ಬ್ಯಾಡಂದ್ರ ನಾ ಒಂದ ಮಾತು ಆಡಂಗಿಲ್ಲ.”

ಅವರು ಹೂಂ ಅನ್ನುವ ಮೊದಲೇ ಒಳಗಿನಿಂದ ರಾಬಿಯಾಬಿ, “ಕೀಲಿ ಕೊಡ್ರಿ ಅವರಿಗೆ. ಆ ಹುಡುಗಿ ಉಣ್ಣೂದ ಕಮ್ಮಿ ಮಾಡ್ಯಾಳ,” ಎಂದರು. ಆ ಮನೆಯಲ್ಲಿ ಕೊನೆಯ ಮಾತು ಯಾರದೆಂದು ಅವತ್ತು ತಿಳಿಯಿತು.

ರೋಣದ ವೆಲ್ಡರನೊಬ್ಬನಿಂದ ರಿಂಗು ಮಾಡಿಸಿ, ಊರ ಮೈದಾನದಲ್ಲಿ ಇದ್ದ ಹಾಗೇ, ಗೋದಾಮಿನ ಉತ್ತರದ ಗೋಡೆಗೆ ಹಾಕಿಸಿದೆವು. ಟೆಂಪೋದಲ್ಲಿ ಎಲ್ಲರೂ ನರಗುಂದಕ್ಕೆ ಹೋದೆವು. ಬಾಗಿಲು ಮುಚ್ಚಿದ ಮೇಲೆ ಒಳಗೆ ಗಾಳಿ ಎಷ್ಟು ನಿಶ್ಚಲವೆಂದರೆ, ಬೆಳಕಿಂಡಿಯ ಬಿಸಿಲಿನಲ್ಲಿ ಅರಳೆಯ ಎಳೆಗಳು ತೇಲಿದಲ್ಲೇ ನಿಂತಿದ್ದವು.

ನೀಮಾ ಮೊದಲ ಚೆಂಡು ಹೊಡೆದಳು, ಬೀಳಲಿಲ್ಲ. ಎರಡನೆಯದೂ ಬೀಳಲಿಲ್ಲ. ನಾವು ಕಲಿಸಿದ ಪಾಠ ಕೈಯಲ್ಲಿ ಕೂತುಬಿಟ್ಟಿತ್ತು. ಅವಳು ಕಣ್ಣು ಮುಚ್ಚಿ ತನಗೆ ತಾನೇ, “ಉಸಿರು ತಗೋರಿ, ಬಿಡ್ರಿ,” ಎಂದುಕೊಂಡಳು. ಕಣ್ಣು ತೆರೆದು ಹೊಡೆದಳು. ಚೆಂಡು ತೊಲೆಯ ಹತ್ತಿರದವರೆಗೂ ಏರಿ ಬಾಗಿ ಇಳಿದು, ರಿಂಗಿಗೂ ತಾಗದೆ ಒಳಗೆ ಹೋಯಿತು. ಇನ್ನೊಂದು, ಮತ್ತೊಂದು, ಎಲ್ಲಿಂದ ಹೊಡೆದರೂ ಅದೇ. ನೋಡುತ್ತ ನೋಡುತ್ತ ನನ್ನ ಕಣ್ಣು ತುಂಬಿತು.

ಮಕ್ತುಮ್‌ಸಾಬರು ವ್ಯಾಪಾರಿ, ಒಂದು ಕೈ ನೋಡಿ ಮಾಲು ಒಪ್ಪುವವರಲ್ಲ. “ಗೋದಾಮಿನ್ಯಾಗ ಯಾರ ಹೊಡದ್ರೂ ಬೀಳ್ತಾವ ಬಿಡ್ರಿ. ಪವಿತ್ರಾ, ನೀ ಹೊಡೀವಾ,” ಎಂದರು.

ಪವಿತ್ರಾ ಹೊಡೆದಳು. ಚೆಂಡು ರಿಂಗಿನ ಎಡಕ್ಕೆ ಗೋಡೆಗೆ ಬಡಿಯಿತು. ಮತ್ತೆ ಹೊಡೆದಳು, ಅದೇ ಜಾಗಕ್ಕೆ. ಇನ್ನೊಬ್ಬಳು ಬಂದಳು, ಎಡಕ್ಕೆ. ಅವಳ ಹಿಂದಿನವಳು, ಎಡಕ್ಕೆ. ಸುಣ್ಣದ ಗೋಡೆಯ ಮೇಲೆ ಗರಸಿನ ಕೆಂಪು ಹತ್ತಿ, ರಿಂಗಿನ ಎಡಬದಿಗೆ ಒಂದೇ ಕಡೆ ದೊಡ್ಡ ಗುರುತಾಯಿತು. ಇಡೀ ತಂಡ ಇಲ್ಲದ ಗಾಳಿಗೆ ಗುರಿ ಹಿಡಿಯುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ನೀಮಾಳನ್ನು ತೋರಿಸಲು, ಇದು ನನಗೂ ಹೊಸದು. ಮಕ್ತುಮ್‌ಸಾಬರು ಎದ್ದು ಹೋಗಿ ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಅಕ್ಕೋರ, ಹಂಗಾರ ಧಾರವಾಡದಾಗ ಇಷ್ಟ ವರ್ಷ...”

“ಹೌದ್ರಿ ಸಾಹೇಬ್ರ.”

“ನೆಲ ಜಾರಿದ್ದಲ್ಲ?”

“ಅಲ್ರಿ.”

“ರೊಟ್ಟಿ ಹೆಚ್ಚಾಗಿದ್ದಲ್ಲ?”

“ಅಲ್ರಿ.”

“ಮತ್ತ ನನ್ನ ಲಿಂಬಿಹಣ್ಣು ಸುಮ್ಮನ ಹೋತಲ್ರಿ,” ಎಂದರು. ಮೊದಲು ಪವಿತ್ರಾ ನಕ್ಕಳು, ಆಮೇಲೆ ಗೋದಾಮು ತುಂಬ ನಗೆ. ಯಾಕೆ ನಗುತ್ತಿದ್ದಾರೆಂದು ಪೂರ್ತಿ ತಿಳಿಯದೆಯೇ ನೀಮಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನೀಮಾಳ ಹೆಸರು ಅವತ್ತೇ ಧಾರವಾಡಕ್ಕೆ ಹೋಯಿತು.

ಆಮೇಲೆ ತರಬೇತಿ ಕೊಟ್ಟವಳು ಅವಳು, ನಾನು ಸೀಟಿ ಊದಿದೆ ಅಷ್ಟೆ. ನರಗುಂದದ ಗೋದಾಮಿನಲ್ಲಿ ನಮ್ಮ ಹುಡುಗಿಯರು ನೇರ ಹೊಡೆಯುವುದನ್ನು ಮೊದಲಿನಿಂದ ಕಲಿತರು. ಅದರ ಮಜಾ ಬೇರೆ. ನೇರ ಹೊಡೆಯಲು ಬಂದ ಮೇಲೆ ಊರ ಮೈದಾನದಲ್ಲಿ ಚೆಂಡು ಬೇಲಿಗೆ ಬೀಳತೊಡಗಿತು. ಕೊನೆಗೆ ಎರಡೂ ಕಲಿತರು, ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಒಂದು ಮಾತು ಆಡುವ ಹಾಗೆ. ಧಾರವಾಡದಲ್ಲಿ ಕಪ್ ಗೆದ್ದೆವೆಂದು ಬರೆದರೆ ಸುಳ್ಳಾದೀತು. ಎರಡು ಪಂದ್ಯ ಗೆದ್ದು ಕೊನೆಯ ನಾಲ್ಕರಲ್ಲಿ ಬಂದು, ಅಲ್ಲಿ ಸೋತೆವು. ಮೊದಲ ಪಂದ್ಯ ಗೆದ್ದಾಗ ಏನು ಮಾಡಬೇಕೆಂದು ತಿಳಿಯದೆ ನಮ್ಮ ಹುಡುಗಿಯರು ಸುಮ್ಮನೆ ನಿಂತಿದ್ದರು, ಅವರಿಗೆ ಅಲ್ಲಿ ಗೆದ್ದು ಅಭ್ಯಾಸವಿರಲಿಲ್ಲ.

ನೀಮಾ ಎರಡು ಹಂಗಾಮು ನಮಗೆ ಆಡಿದಳು. ಡ್ಯೂಟಿ ಇದ್ದ ದಿನ ಡ್ಯೂಟಿ, ಬಿಡುವಿದ್ದ ದಿನ ಮೊದಲ ಬಸ್ಸು. ಅವಳ ಕೊನೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ಚೆನ್ನೈನ ಒಂದು ದೊಡ್ಡ ಕ್ಲಬ್ಬಿನ ಕೋಚ್ ಅವಳನ್ನು ಕೇಳಿಕೊಂಡು ಗಜೇಂದ್ರಗಡಕ್ಕೇ ಬಂದರು. ಧಾರವಾಡದಲ್ಲಿ ಅವಳ ಆಟ ನೋಡಿದ್ದರಂತೆ. ಅಲ್ಲಿ ಮುಂದಿನ ಓದು, ಇರಲು ಹಾಸ್ಟೆಲ್ಲು, ವರ್ಷವಿಡೀ ಆಟ. ಅವಳು ಹೋಗುವುದು ಸರಿ ಎಂದು ಕೇಳಿದ ತಕ್ಷಣ ನನಗೆ ತಿಳಿಯಿತು. ತಿಳಿದರೂ ಒಂದು ಗಳಿಗೆ ಹೊಟ್ಟೆ ಉರಿಯಿತು.

ಮಕ್ತುಮ್‌ಸಾಬರು ಆ ಕೋಚನ್ನು ಮನೆಯ ಪಡಸಾಲೆಯಲ್ಲಿ ಕೂರಿಸಿ, ಬೀಗತನಕ್ಕೆ ಬಂದವರನ್ನು ಕೇಳುವ ಹಾಗೆ ಕೇಳಿದರು. ನಾನು ನಡುವೆ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಹಾಸ್ಟೆಲ್ಲು ಕ್ಲಬ್ಬಿನಿಂದ ಎಷ್ಟು ದೂರ? ಜಡ್ಡು ಬಿದ್ದರೆ ಹತ್ತಿರ ಯಾರು? ಊರಿಗೆ, ಅವರವ್ವನ ಕಡೆ, ವರ್ಷಕ್ಕೊಮ್ಮೆ ಕಳಿಸುತ್ತೀರಾ? ಕೋಚ್ ತಾಳ್ಮೆಯಿಂದ ಎಲ್ಲಕ್ಕೂ ಉತ್ತರ ಕೊಟ್ಟರು. ನೀಮಾ ಅಡುಗೆಮನೆಯ ಬಾಗಿಲಲ್ಲಿ ರಾಬಿಯಾಬಿಯ ಪಕ್ಕ ನಿಂತು ಎಲ್ಲ ಕೇಳುತ್ತಿದ್ದಳು.

“ನಿನ್ನ ಮನಸ್ಸು ಏನೈತಿ ಬೇಟಿ?” ಎಂದು ಸಾಹೇಬರು ಅವಳನ್ನು ಕೇಳಿದರು.

“ಆಡಬೇಕ್ರಿ,” ಎಂದಳು.

“ಹಂಗಾರ ಆತು,” ಎಂದು ಅವರು ಕೋಚಿನ ಕಡೆ ತಿರುಗಿದರು. “ಅಕ್ಕೋರ, ಇದೊಂದು ಬರೋಬ್ಬರಿ ತಿಳಿಸಿ ಹೇಳ್ರಿ ಅವರಿಗೆ. ನಮ್ಮದೊಂದ ಕರಾರು ಐತಿ. ಅಲ್ಲಿ ಹೆಂಗರ ಆಡಸ್ರಿ, ಎಲ್ಲೆರ ಆಡಸ್ರಿ, ಆಕಿ ಕೈ ಮಾತ್ರ ತಿದ್ದಾಕ ಹೋಗಬ್ಯಾಡ್ರಿ. ನಾವು ತಿದ್ದಾಕ ಹೋಗಿದ್ವಿ.”

ನಾನು ತಿಳಿಸಿ ಹೇಳಿದೆ. ಕೋಚ್ ನಗಲಿಲ್ಲ, ಎದ್ದು ಸಾಹೇಬರ ಕೈ ಹಿಡಿದುಕೊಂಡರು.

ಹೊರಡುವ ದಿನ ರಾಬಿಯಾಬಿ ಅಕ್ಕಿ, ಕೊಬ್ಬರಿ ಬಟ್ಟಲು, ಬಾಳೆಹಣ್ಣು ತಂದರು. ತವರಿನಿಂದ ಹೊರಡುವ ಮಗಳಿಗೆ ಉಡಿ ತುಂಬುವುದು ನಮ್ಮಲ್ಲಿ ಎಲ್ಲ ಮನೆಗಳ ಪದ್ಧತಿ. ನೀಮಾ ತೊಟ್ಟಿದ್ದು ಕ್ಲಬ್ಬಿನ ಆಟದಂಗಿ, ಸೆರಗೆಲ್ಲಿಂದ ಬರಬೇಕು? ಅಂಗಿಯ ಅಂಚನ್ನೇ ಎರಡು ಕೈಯಿಂದ ಹಿಡಿದು ಮುಂದೆ ಚಾಚಿದಳು. ಪವಿತ್ರಾ ಮತ್ತು ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಹಿಡಿ ಅಕ್ಕಿ ಹಾಕಿದರು. ನಾನೂ ಹಾಕಿದೆ.

“ಅಕ್ಕೋರ, ಇದು ಹೋಗೋರಿಗೆ ಮಾಡ್ತಾರೇನ್ರಿ?” ಎಂದು ಅವಳು ನನ್ನನ್ನು ಕೇಳಿದಳು.

ಉತ್ತರ ರಾಬಿಯಾಬಿ ಕೊಟ್ಟರು. “ಹೋಗ್ಲಿ ಅಂತ ಅಲ್ಲ ಬೇಟಿ, ತಿರುಗಿ ಬರ್ಲಿ ಅಂತ ಮಾಡ್ತಾರ.”

ಅವಳು ಅಂಗಿಯ ಉಡಿಯನ್ನು ಬಿಡದೆ, ಒಂದು ಕಾಳೂ ಚೆಲ್ಲದ ಹಾಗೆ ನಿಧಾನವಾಗಿ ಬಸ್ಸು ಹತ್ತಿದಳು. ಬಸ್ಸು ರೋಣದ ದಾರಿ ಹಿಡಿಯಿತು. ನನ್ನ ತಂಡದಲ್ಲಿ ಎತ್ತರದ ಆಟಗಾರ್ತಿ ಇಲ್ಲದಂತಾಯಿತು, ಪಂದ್ಯಾವಳಿ ಹತ್ತಿರದಲ್ಲೇ ಇತ್ತು, ನನಗೆ ಮಾತ್ರ ಇಡೀ ನೌಕರಿಯಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.